ತಂತಿಯ ಮೇಲಿನ ಕಾಗೆ, ಗದ್ದೆಯಲ್ಲಿನ ದನ

ಬಾರ್ಕೂರಿನ ಹತ್ತಿರದ ಒಂದು ಶಾಲೆಗೆ ಪ್ರಯೋಗಗಳನ್ನು ತೋರಿಸಲು ಹೋಗಿದ್ದೆ. ಕೊನೆಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಕರೆಂಟಿನ ತಂತಿ ಮೇಲೆ ಕಾಗೆ ಕೂತರೆ ಅದಕ್ಕೆ ಎಂತದೂ ಆಗುದಿಲ್ಲ. ಅದೇ ತಂತಿ ಗಾಳಿಗೆ ತುಂಡಾಗಿ ಗದ್ದೆಗೆ ಬಿದ್ದರೆ, ತಂತಿಯನ್ನು ಮುಟ್ಟದೆ ದೂರ ನಿಂತ ದನ ಸಾಯ್ತದೆ. ಅದೆಂತಕ್ಕೆ ಹಾಗೆ?"

ಮಕ್ಕಳೇ, ಎಷ್ಟು ಒಳ್ಳೆಯ ಪ್ರಶ್ನೆ ನೋಡಿ. ತಂತಿಯನ್ನೇ ಹಿಡಿದು ಕುಳಿತ ಕಾಗೆ ಬದುಕುತ್ತದೆ, ತಂತಿಯನ್ನು ಮುಟ್ಟದ ದನ ಸಾಯುತ್ತದೆ. 'ಕರೆಂಟು ಮುಟ್ಟಿದರೆ ಶಾಕ್ ಹೊಡೆಯುತ್ತದೆ' ಎಂದು ನಾವು ಕಲಿತದ್ದು ಇಲ್ಲಿ ತಲೆಕೆಳಗಾದಂತೆ ಕಾಣುತ್ತದೆ. ಆ ದಿನ ಗಂಟೆ ಹೊಡೆದು ಬಿಟ್ಟಿತು. ಅವಳಿಗೆ ಅರ್ಧ ಉತ್ತರವನ್ನಷ್ಟೇ ಕೊಡಲು ಸಾಧ್ಯವಾಯಿತು. ಪೂರ್ತಿ ಉತ್ತರ ಇಲ್ಲಿದೆ.

ಮುಟ್ಟದೆ ಎಳೆಯುವ ಸ್ಕೇಲು

ಮೊದಲು ಒಂದು ಹಳೆಯ ಪ್ರಯೋಗ. ಪ್ಲಾಸ್ಟಿಕ್ ಸ್ಕೇಲನ್ನು ತಲೆಕೂದಲಿಗೆ ಹತ್ತಿಪ್ಪತ್ತು ಬಾರಿ ಉಜ್ಜಿ, ಚಿಕ್ಕ ಕಾಗದದ ಚೂರುಗಳ ಬಳಿಗೆ ತನ್ನಿ. ಚೂರುಗಳು ಹಾರಿ ಬಂದು ಸ್ಕೇಲಿಗೆ ಅಂಟಿಕೊಳ್ಳುತ್ತವೆ. ನಮ್ಮ ಕರಾವಳಿಯಲ್ಲಿ ಈ ಪ್ರಯೋಗ ಜೂನ್, ಜುಲೈ ತಿಂಗಳಲ್ಲಿ ಕೈಕೊಡುತ್ತದೆ. ಗಾಳಿಯಲ್ಲಿರುವ ತೇವ ಸ್ಕೇಲಿನ ಮೇಲೆ ತೆಳ್ಳಗೆ ಕುಳಿತು ಎಲ್ಲವನ್ನೂ ಸೋರಿಸಿಬಿಡುತ್ತದೆ. ಡಿಸೆಂಬರ್ ಅಥವಾ ಜನವರಿಯ ಒಣಹವೆಯಲ್ಲಿ ಮಾಡಿ. ತಲೆಗೆ ತೆಂಗಿನೆಣ್ಣೆ ಹಚ್ಚಿದ್ದರೂ ಆಗುವುದಿಲ್ಲ. ತಲೆಸ್ನಾನ ಮಾಡಿ ಕೂದಲು ಚೆನ್ನಾಗಿ ಒಣಗಿದ ಮೇಲೆ ಮಾಡಿ.

ಉಜ್ಜಿದಾಗ ಕೂದಲಿನಿಂದ ಎಲೆಕ್ಟ್ರಾನ್‌ಗಳೆಂಬ ಅತಿ ಸೂಕ್ಷ್ಮ ಕಣಗಳು ಸ್ಕೇಲಿಗೆ ದಾಟುತ್ತವೆ. ಆಗ ಸ್ಕೇಲು ಋಣ ವಿದ್ಯುದಾವೇಶ ಪಡೆಯಿತು ಎನ್ನುತ್ತೇವೆ. (ಆವೇಶ ಎಂದ ಕೂಡಲೇ ನಿಮಗೆ ಕೋಲದ ಅಂಗಳ ನೆನಪಾದೀತು. ಇಲ್ಲಿ ಹಾಗಲ್ಲ, ಇದು ಅಳೆಯಬಹುದಾದ ಒಂದು ಪರಿಮಾಣ. ಅದರ ಏಕಮಾನ ಕೂಲಂಬ್.) ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡ ಕೂದಲಿಗೆ ಧನ ಆವೇಶ ಬರುತ್ತದೆ. ಒಂದೇ ಬಗೆಯ ಆವೇಶಗಳು ಒಂದನ್ನೊಂದು ದೂಡುತ್ತವೆ, ಬೇರೆ ಬೇರೆ ಬಗೆಯವು ಸೆಳೆಯುತ್ತವೆ.

ಈಗ ಗಮನಿಸಬೇಕಾದ ಸಂಗತಿ ಇದು. ಸ್ಕೇಲು ಕಾಗದವನ್ನು ಮುಟ್ಟುವ ಮೊದಲೇ ಕಾಗದ ಹಾರಿತು. ನಡುವೆ ದಾರವಿಲ್ಲ, ಅಂಟಿಲ್ಲ. ಹಾಗಾದರೆ ಸ್ಕೇಲು ಇಲ್ಲಿದೆ ಎಂದು ಕಾಗದಕ್ಕೆ ಹೇಗೆ ತಿಳಿಯಿತು? ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ಇಂತಹ ಪ್ರಶ್ನೆಯ ಬೆನ್ನು ಹತ್ತಿದರು. ಅವರು ಹುಡುಗನಾಗಿದ್ದಾಗ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದರು. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದವರು. ಆವೇಶವಿರುವ ವಸ್ತು ತನ್ನ ಸುತ್ತಲಿನ ಜಾಗವನ್ನೇ ಬದಲಿಸುತ್ತದೆ ಎಂದು ಫ್ಯಾರಡೆ ಯೋಚಿಸಿದರು. ಆ ಬದಲಾದ ಜಾಗವೇ ವಿದ್ಯುತ್ ಕ್ಷೇತ್ರ. ಅದರೊಳಗೆ ಇನ್ನೊಂದು ಆವೇಶ ಬಂದರೆ ಅದರ ಮೇಲೆ ಬಲ ಬೀಳುತ್ತದೆ. ಸ್ಕೇಲಿನ ಹತ್ತಿರ ಕ್ಷೇತ್ರ ಪ್ರಬಲ, ದೂರ ಹೋದಂತೆ ದುರ್ಬಲ. ಚೂಪಾದ ತುದಿಗಳ ಬಳಿ ಇನ್ನೂ ಪ್ರಬಲ.

ಮಾಣಿಯಿಂದ ಹೊಸಂಗಡಿಗೆ

ಇನ್ನು 'ವಿಭವ' ಎಂಬ ಮಾತು. ದೊಡ್ಡ ತರಗತಿಯ ಮಕ್ಕಳಿಗೂ ಇದು ಕಬ್ಬಿಣದ ಕಡಲೆ. ಆದರೆ ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಒಳ್ಳೆಯ ಹೋಲಿಕೆ ಇದೆ.

ಘಟ್ಟದ ಮೇಲೆ, ಹೊಸನಗರ ತಾಲ್ಲೂಕಿನ ಮಾಣಿಯಲ್ಲಿ ವಾರಾಹಿ ನದಿಗೆ ಅಣೆಕಟ್ಟು ಕಟ್ಟಿದ್ದಾರೆ. ಆ ನೀರನ್ನು ಸುರಂಗ ಮತ್ತು ಕೊಳವೆಗಳ ಮೂಲಕ ಘಟ್ಟದ ಕೆಳಗಿನ ಹೊಸಂಗಡಿಗೆ ಇಳಿಸುತ್ತಾರೆ. ಅಲ್ಲಿ ಭೂಮಿಯೊಳಗೆ ಕೊರೆದು ಕಟ್ಟಿದ ವಿದ್ಯುದಾಗಾರವಿದೆ. ನೀರು 400 ಮೀಟರಿಗೂ ಹೆಚ್ಚು ಎತ್ತರದಿಂದ ಇಳಿದು ಬಂದು, ತಲಾ 115 ಮೆಗಾವಾಟ್‌ನ ನಾಲ್ಕು ಯಂತ್ರಗಳನ್ನು ತಿರುಗಿಸುತ್ತದೆ.

ಮಾಣಿಯಲ್ಲಿ ನಿಂತ ನೀರನ್ನು ನೋಡಿದರೆ ಅದರಲ್ಲಿ ಏನೂ ವಿಶೇಷ ಕಾಣುವುದಿಲ್ಲ. ಬಾರ್ಕೂರಿನ ಚೌಳಿಕೆರೆಯ ನೀರಿನ ಹಾಗೆಯೇ ಅದೂ ಸುಮ್ಮನೆ ನಿಂತಿರುತ್ತದೆ. ಆದರೆ ಎತ್ತರದಲ್ಲಿರುವ ಕಾರಣ ಅದಕ್ಕೆ ಕೆಲಸ ಮಾಡುವ ಸಾಮರ್ಥ್ಯವಿದೆ. ನೀರಿಗೆ ಎತ್ತರ ಹೇಗೋ, ವಿದ್ಯುದಾವೇಶಕ್ಕೆ ವಿಭವ ಹಾಗೆ. ಹೆಚ್ಚು ವಿಭವದ ಜಾಗದಿಂದ ಕಡಿಮೆ ವಿಭವದ ಜಾಗಕ್ಕೆ ದಾರಿ ಸಿಕ್ಕಿದರೆ ವಿದ್ಯುತ್ ಹರಿಯುತ್ತದೆ. ದಾರಿ ಸಿಕ್ಕದಿದ್ದರೆ ಹರಿಯುವುದಿಲ್ಲ. ಎರಡು ಜಾಗಗಳ ವಿಭವ ಒಂದೇ ಆಗಿದ್ದರೆ, ನಡುವೆ ಎಷ್ಟು ಒಳ್ಳೆಯ ತಾಮ್ರದ ತಂತಿ ಕಟ್ಟಿದರೂ ಹರಿಯುವುದಿಲ್ಲ.

ಕೊಡಚಾದ್ರಿಯ ತುದಿಯಲ್ಲೊಂದು ಬೋಗುಣಿ ನೀರನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟರೆ ಆ ನೀರು ಎಲ್ಲಿಗೂ ಹರಿಯದು. ಅದು ಎಷ್ಟು ಎತ್ತರದಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಎರಡು ಜಾಗಗಳ ನಡುವಿನ ವ್ಯತ್ಯಾಸವೇ ಮುಖ್ಯ. ವಿದ್ಯುತ್ತಿನಲ್ಲಿ ಈ ವ್ಯತ್ಯಾಸಕ್ಕೆ ವಿಭವಾಂತರ ಎಂದು ಹೆಸರು. ಅದನ್ನು ವೋಲ್ಟ್‌ಗಳಲ್ಲಿ ಅಳೆಯುತ್ತೇವೆ. ಟಾರ್ಚಿನ ಸೆಲ್ಲಿನ ಎರಡು ತುದಿಗಳ ನಡುವೆ 1.5 ವೋಲ್ಟ್. ಮನೆಯ ಪ್ಲಗ್ಗಿನ ಎರಡು ತೂತುಗಳ ನಡುವೆ 230 ವೋಲ್ಟ್. ಗದ್ದೆಯ ಬೈಲಿನ ಮೇಲೆ ಹಾದು ಹೋಗಿ ಟ್ರಾನ್ಸ್‌ಫಾರ್ಮರಿಗೆ ಬರುವ ಮೂರು ತಂತಿಗಳ ಲೈನಿನಲ್ಲಿ ಸಾಮಾನ್ಯವಾಗಿ 11,000 ವೋಲ್ಟ್. ಯಾರಾದರೂ 'ಈ ತಂತಿಯಲ್ಲಿ 11,000 ವೋಲ್ಟ್ ಇದೆ' ಎಂದರೆ 'ಯಾವ ಎರಡು ಜಾಗಗಳ ನಡುವೆ?' ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಇಂದಿನ ಪಾಠದಲ್ಲಿ ಇದೇ ಮುಖ್ಯ ಪ್ರಶ್ನೆ.

ಕ್ಷೇತ್ರ ಮತ್ತು ವಿಭವಕ್ಕೆ ಏನು ಸಂಬಂಧ? ಎತ್ತರಕ್ಕೂ ಇಳಿಜಾರಿಗೂ ಇರುವ ಸಂಬಂಧವೇ. ಒಂದೇ ಎತ್ತರವನ್ನು ಹತ್ತು ಕಿಲೋಮೀಟರು ಸುತ್ತುವ ಘಾಟಿ ರಸ್ತೆಯಲ್ಲಿ ಇಳಿಯಬಹುದು, ಕಡಿದಾದ ಬಂಡೆಯಿಂದ ಒಮ್ಮೆಗೇ ಬೀಳಲೂಬಹುದು. ವಿಭವ ಕಡಿಮೆ ದೂರದಲ್ಲಿ ಥಟ್ಟನೆ ಇಳಿದರೆ ಕ್ಷೇತ್ರ ಪ್ರಬಲ. ಗಾಳಿ ಸಾಧಾರಣವಾಗಿ ವಿದ್ಯುತ್ತನ್ನು ಹರಿಯಗೊಡದು. ಆದರೆ ಒಂದು ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್‌ನಷ್ಟು ಕಡಿದಾದ ಇಳಿಜಾರು ಬಂದರೆ ಗಾಳಿಯೂ ಸೋತು ದಾರಿ ಬಿಡುತ್ತದೆ, ಕಿಡಿ ಹಾರುತ್ತದೆ. ಅಡುಗೆಮನೆಯ ಗ್ಯಾಸ್ ಲೈಟರಿನ ತುದಿಯಲ್ಲಿ ಕಾಣುವ ಕಿಡಿ ಇದೇ. ಅಲ್ಲಿಯೂ ಸಾವಿರಾರು ವೋಲ್ಟ್ ಇರುತ್ತದೆ, ಆದರೆ ಹರಿಯುವ ಆವೇಶ ತೀರಾ ಕಡಿಮೆ, ಅದೂ ಕ್ಷಣಮಾತ್ರ. ಹಾಗಾಗಿ ಅಮ್ಮನಿಗೆ ಏನೂ ಆಗುವುದಿಲ್ಲ.

ಬಾರ್ಕೂರು ರೈಲು ನಿಲ್ದಾಣಕ್ಕೆ ಹೋದವರು ಹಳಿಯ ಮೇಲಿನ ತಂತಿಯನ್ನು ನೋಡಿರುತ್ತೀರಿ. ಕೊಂಕಣ ರೈಲು ಮಾರ್ಗ 1998ರಲ್ಲಿ ಪೂರ್ತಿಯಾದಾಗ ಇಲ್ಲಿ ಡೀಸೆಲ್ ಎಂಜಿನ್‌ಗಳೇ ಓಡುತ್ತಿದ್ದವು. 2022ರಲ್ಲಿ ಇಡೀ ಮಾರ್ಗದ ವಿದ್ಯುದೀಕರಣ ಮುಗಿಯಿತು. ಈಗ ಆ ತಂತಿಗೂ ನೆಲಕ್ಕೂ ನಡುವೆ 25,000 ವೋಲ್ಟ್ ಇದೆ. ನಿಂತ ಗೂಡ್ಸ್ ಗಾಡಿಯ ಮೇಲೆ ಹತ್ತಿದವನು ತಂತಿಯನ್ನು ಮುಟ್ಟಬೇಕೆಂದಿಲ್ಲ, ಕೈಯೆತ್ತಿ ಹತ್ತಿರ ಹೋದರೆ ಸಾಕು. ಎರಡು ಮೀಟರಿಗಿಂತ ಸಮೀಪ ಹೋಗಲೇಬಾರದು ಎಂಬ ನಿಯಮ ಇರುವುದು ಇದಕ್ಕೆ. ತೋಟದಲ್ಲಿ ತೆಂಗಿನಕಾಯಿ ಕೀಳುವ ಅಲ್ಯೂಮಿನಿಯಂ ದೋಟಿಯನ್ನು ಲೈನಿನ ಕೆಳಗೆ ಎತ್ತುವ ದೊಡ್ಡವರಿಗೂ ಈ ಮಾತು ಹೇಳಿ.

ಕಾಗೆ ಏಕೆ ಬದುಕಿತು?

ಈಗ ಕಾಗೆಯ ವಿಷಯ. ಅದರ ಎರಡೂ ಕಾಲು ಒಂದೇ ತಂತಿಯ ಮೇಲಿವೆ. ಎರಡು ಕಾಲುಗಳ ನಡುವೆ ಐದಾರು ಸೆಂಟಿಮೀಟರು ದೂರ. ಅಷ್ಟು ಚಿಕ್ಕ ತುಂಡು ಲೋಹದ ತಂತಿಯ ಎರಡು ತುದಿಗಳ ವಿಭವಾಂತರ ಒಂದು ವೋಲ್ಟಿನ ನೂರನೆಯ ಒಂದು ಭಾಗವೂ ಇರುವುದಿಲ್ಲ. ತಂತಿ ಮತ್ತು ನೆಲದ ನಡುವೆ ಸಾವಿರಾರು ವೋಲ್ಟ್ ಇದ್ದರೂ ಕಾಗೆ ನೆಲವನ್ನು ಮುಟ್ಟಿಲ್ಲ. ಕೊಡಚಾದ್ರಿಯ ತುದಿಯ ಬೋಗುಣಿಯ ನೀರಿನಂತೆ ಅದು ಎತ್ತರದಲ್ಲಿದೆ, ಆದರೆ ಇಳಿಜಾರಿನಲ್ಲಿಲ್ಲ.

ಹಾಗೆಂದು ತಂತಿಯ ಮೇಲೆ ಕುಳಿತ ಎಲ್ಲ ಪ್ರಾಣಿಗಳೂ ಬದುಕುವುದಿಲ್ಲ. ತಂತಿಯಲ್ಲಿ ಸತ್ತು ನೇತಾಡುವ ದೊಡ್ಡ ಬಾವಲಿಗಳನ್ನು ನೀವು ನೋಡಿದ್ದೀರಿ. ಬಾವಲಿಯ ರೆಕ್ಕೆ ಅಗಲ. ಒಂದು ರೆಕ್ಕೆ ಒಂದು ತಂತಿಗೆ, ಇನ್ನೊಂದು ಪಕ್ಕದ ತಂತಿಗೆ ತಗಲುತ್ತದೆ. ಆ ಎರಡು ತಂತಿಗಳ ವಿಭವ ಬೇರೆ ಬೇರೆ. ನವಿಲಿಗೂ ಇದೇ ಗತಿ.

ದನ ಏಕೆ ಸತ್ತಿತು?

ಚೌಳಿಕೆರೆಗೆ ಒಂದು ಕಲ್ಲು ಎಸೆಯಿರಿ. ಕಲ್ಲು ಬಿದ್ದಲ್ಲಿಂದ ಉಂಗುರ ಉಂಗುರವಾಗಿ ಅಲೆಗಳು ಹರಡುತ್ತವೆ. ಆ ಉಂಗುರಗಳ ಚಿತ್ರ ಮನಸ್ಸಿನಲ್ಲಿರಲಿ.

ಮಳೆಗಾಲದ ಗಾಳಿಗೆ ಮರ ಬಿದ್ದು ತಂತಿ ತುಂಡಾಗಿ ಗದ್ದೆಗೆ ಬಿತ್ತು ಎಂದುಕೊಳ್ಳಿ. ಲೈನು ತಾನಾಗಿಯೇ ಆಫ್ ಆಗದೆ ಇರಬಹುದು. ಆಗ ವಿದ್ಯುತ್ತು ತಂತಿಯಿಂದ ಒದ್ದೆ ಮಣ್ಣಿಗೆ ಇಳಿದು ಎಲ್ಲ ದಿಕ್ಕಿಗೂ ಹರಡುತ್ತದೆ. ತಂತಿ ಮುಟ್ಟಿದಲ್ಲಿ ನೆಲದ ವಿಭವ ಅತಿ ಹೆಚ್ಚು. ದೂರ ಹೋದಂತೆ ಅದು ಇಳಿಯುತ್ತದೆ. ಒಂದೇ ವಿಭವದ ಜಾಗಗಳನ್ನು ಜೋಡಿಸಿದರೆ ಕೆರೆಯ ಅಲೆಗಳಂತೆ ಉಂಗುರಗಳಾಗುತ್ತವೆ. ಕಣ್ಣಿಗೆ ಗದ್ದೆ ಸಮತಟ್ಟು. ವಿದ್ಯುತ್ತಿನ ಲೆಕ್ಕದಲ್ಲಿ ಅದು ತಂತಿಯ ತುದಿಯೇ ಶಿಖರವಾದ ಒಂದು ಗುಡ್ಡ.

ಲೆಕ್ಕ ಸುಲಭವಾಗಲೆಂದು ಕೆಲವು ಸಂಖ್ಯೆಗಳನ್ನು ಊಹಿಸಿಕೊಳ್ಳೋಣ. ತಂತಿಯಿಂದ 1 ಮೀಟರು ದೂರದಲ್ಲಿ ನೆಲದ ವಿಭವ 1,000 ವೋಲ್ಟ್ ಇರಲಿ. ದೂರ ಎರಡು ಪಟ್ಟಾದರೆ ವಿಭವ ಅರ್ಧವಾಗುತ್ತದೆ ಎನ್ನೋಣ. 2 ಮೀಟರಿನಲ್ಲಿ 500, 4 ಮೀಟರಿನಲ್ಲಿ 250, 5 ಮೀಟರಿನಲ್ಲಿ 200, 10 ಮೀಟರಿನಲ್ಲಿ 100, 11 ಮೀಟರಿನಲ್ಲಿ ಸುಮಾರು 91. ಈಗ ಒಂದು ಮೀಟರಿನ ಹೆಜ್ಜೆ ಇಡುವವನ ಎರಡು ಪಾದಗಳ ನಡುವಿನ ವಿಭವಾಂತರ ನೋಡಿ. 1 ಮತ್ತು 2 ಮೀಟರುಗಳ ನಡುವೆ 500 ವೋಲ್ಟ್. 4 ಮತ್ತು 5ರ ನಡುವೆ 50 ವೋಲ್ಟ್. 10 ಮತ್ತು 11ರ ನಡುವೆ ಬರೀ 9 ವೋಲ್ಟ್. ಹತ್ತಿರ ಹೋದಂತೆ ಗುಡ್ಡ ಎಷ್ಟು ಕಡಿದಾಗುತ್ತದೆ!

ದನದ ಮುಂಗಾಲು ಮತ್ತು ಹಿಂಗಾಲುಗಳ ನಡುವೆ ಒಂದೂವರೆ ಮೀಟರಿನಷ್ಟು ಅಂತರ ಇರಬಹುದು. ಮುಂಗಾಲು ಹೆಚ್ಚು ವಿಭವದ ಉಂಗುರದಲ್ಲಿ, ಹಿಂಗಾಲು ಕಡಿಮೆ ವಿಭವದ ಉಂಗುರದಲ್ಲಿ. ವಿದ್ಯುತ್ತು ಮುಂಗಾಲಿನಿಂದ ಹೊಕ್ಕು ಹಿಂಗಾಲಿನಿಂದ ಹೊರಬರುತ್ತದೆ. ಆ ದಾರಿಯಲ್ಲಿ ಹೃದಯವಿದೆ. ಕಾಲಿಗೆ ಚಪ್ಪಲಿಯಿಲ್ಲ, ಗೊರಸು ಒದ್ದೆ. ತಂತಿಯನ್ನು ಮುಟ್ಟದ ದನ ಸಾಯುವುದು ಹೀಗೆ. ಕಾಗೆಯ ಎರಡು ಕಾಲುಗಳ ನಡುವೆ ವಿಭವಾಂತರ ಇರಲಿಲ್ಲ, ದನದ ಕಾಲುಗಳ ನಡುವೆ ಇತ್ತು. ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಷ್ಟೇ.

ಇಲ್ಲಿಗೆ ನಿಲ್ಲಿಸಲು ನನಗೆ ಮನಸ್ಸಿಲ್ಲ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಬರುವ ಸುದ್ದಿಗಳನ್ನು ನೀವೂ ಓದಿರುತ್ತೀರಿ. ದನ ಬಿದ್ದಿತು, ಬಿಡಿಸಲು ಓಡಿದ ಮನೆಯವರೂ ಬಿದ್ದರು, ಅವರನ್ನು ಎತ್ತಲು ಹೋದವರೂ ಬಿದ್ದರು. ದನ ಒದ್ದಾಡುವುದನ್ನು ಕಂಡಾಗ ಓಡಿ ಹೋಗಬೇಕೆನಿಸುವುದು ಸಹಜ. ಆದರೆ ಓಡುವಾಗಲೇ ಹೆಜ್ಜೆ ಉದ್ದವಾಗುತ್ತದೆ, ಅದೂ ಗುಡ್ಡ ಕಡಿದಾಗಿರುವ ಕಡೆಗೆ. ತಂತಿ ಬಿದ್ದುದನ್ನು ಕಂಡರೆ ಕನಿಷ್ಠ 10 ಮೀಟರು, ಎಂದರೆ ನಿಮ್ಮ ಹದಿನೈದಿಪ್ಪತ್ತು ಹೆಜ್ಜೆ, ದೂರವೇ ನಿಲ್ಲಿ. ನೀರು ನಿಂತ ಗದ್ದೆಯಾದರೆ ಗದ್ದೆಗೆ ಇಳಿಯಲೇಬೇಡಿ. ಬರುವವರನ್ನು ಕೂಗಿ ತಡೆಯಿರಿ, ಮನೆಯ ದೊಡ್ಡವರಿಂದ ಮೆಸ್ಕಾಂನ 1912 ಸಂಖ್ಯೆಗೆ ಫೋನ್ ಮಾಡಿಸಿ. ಲೈನು ಆಫ್ ಆಗಿದೆ ಎಂದು ಅವರು ಹೇಳುವ ತನಕ ಯಾರೂ ಹತ್ತಿರ ಹೋಗಬಾರದು. ಒಣ ಕೋಲಿನಿಂದ ತಂತಿ ಸರಿಸುತ್ತೇನೆ ಎಂಬ ಸಾಹಸವೂ ಬೇಡ. ಮಳೆಯಲ್ಲಿ ಒಣ ಕೋಲು ಎಲ್ಲಿಂದ ಬರಬೇಕು?

ಗೊತ್ತಿಲ್ಲದೆ ಹತ್ತಿರ ಹೋಗಿಬಿಟ್ಟಿದ್ದರೆ? ಎರಡೂ ಪಾದ ಜೋಡಿಸಿಕೊಳ್ಳಿ. ನೆಲದಿಂದ ಕಾಲೆತ್ತದೆ, ಒಂದು ಪಾದ ಇನ್ನೊಂದಕ್ಕೆ ತಾಗುವಂತೆಯೇ ಸ್ವಲ್ಪ ಸ್ವಲ್ಪವಾಗಿ ಜಾರಿಸುತ್ತ ಹಿಂದೆ ಬನ್ನಿ. ಪಾದಗಳ ನಡುವೆ ಅಂತರ ಕಡಿಮೆಯಾದಷ್ಟೂ ವಿಭವಾಂತರ ಕಡಿಮೆ. ಹಾಗೆಯೇ ಕರೆಂಟು ಕಂಬವನ್ನು ಎಳೆದು ಹಿಡಿಯುವ ಓರೆ ತಂತಿಗೆ ದನ ಕಟ್ಟುವುದು, ಬಟ್ಟೆ ಒಣಗಿಸುವ ತಂತಿ ಬಿಗಿಯುವುದು ನಮ್ಮಲ್ಲಿ ಇದೆ. ಮೇಲೆ ಎಲ್ಲಾದರೂ ಸೋರಿಕೆಯಾದರೆ ಅಲ್ಲಿಯೂ ಇದೇ ಗುಡ್ಡ ಎದ್ದು ನಿಲ್ಲುತ್ತದೆ.

ಆಕಾಶದಿಂದ ಬೀಳುವ ತಂತಿ

ಸಿಡಿಲಿನಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಏಪ್ರಿಲ್, ಮೇ ತಿಂಗಳ ಸಂಜೆ ಘಟ್ಟದ ಕಡೆಯಿಂದ ಕಪ್ಪು ಮೋಡ ಏಳುತ್ತದಲ್ಲ, ಅದರೊಳಗೆ ಮಂಜಿನ ಹರಳುಗಳೂ ಮೃದುವಾದ ಆಲಿಕಲ್ಲುಗಳೂ ಒಂದಕ್ಕೊಂದು ಬಡಿದು ಆವೇಶ ಬೇರ್ಪಡುತ್ತದೆ. ಸ್ಕೇಲು ಮತ್ತು ಕೂದಲಿನ ಕಥೆಯೇ, ಆದರೆ ಹಲವು ಕಿಲೋಮೀಟರು ಗಾತ್ರದಲ್ಲಿ. ಬಿಸಿಲಿನ ದಿನ ಬಯಲಿನಲ್ಲಿ ನೆಲದ ಬಳಿ ಪ್ರತಿ ಮೀಟರಿಗೆ ಸುಮಾರು 100 ವೋಲ್ಟ್‌ನಷ್ಟು ಕ್ಷೇತ್ರ ಯಾವಾಗಲೂ ಇರುತ್ತದೆ. ಗುಡುಗುಮೋಡದ ಕೆಳಗೆ ಅದು ಹಲವು ಸಾವಿರ ವೋಲ್ಟಿಗೆ ಏರುತ್ತದೆ. ಎತ್ತರದ, ಚೂಪಾದ ವಸ್ತುಗಳ ತುದಿಯಲ್ಲಿ ಇನ್ನೂ ಹೆಚ್ಚು. ತಲೆ ಸುಟ್ಟು ನಿಂತ ತೆಂಗಿನ ಮರಗಳನ್ನು ನಮ್ಮ ಊರುಗಳಲ್ಲಿ ನೋಡುತ್ತೇವಲ್ಲ, ಕಾರಣ ಇದು.

ಸಿಡಿಲಿನಲ್ಲಿ ಸಾಮಾನ್ಯವಾಗಿ 30,000 ಆಂಪೇರಿನಷ್ಟು ವಿದ್ಯುತ್ತು ಹರಿಯುತ್ತದೆ. ಅದು ಮರದ ಮೂಲಕ ನೆಲಕ್ಕಿಳಿದು, ತುಂಡಾದ ತಂತಿಯಿಂದ ಹರಡಿದ ಹಾಗೆಯೇ ಹರಡುತ್ತದೆ. 2016ರ ಆಗಸ್ಟ್‌ನಲ್ಲಿ ನಾರ್ವೆ ದೇಶದ ಹಾರ್ಡಾಂಗರ್‌ವಿಡ್ಡಾ ಎಂಬ ಎತ್ತರದ ಬಯಲಿನಲ್ಲಿ 323 ಹಿಮಸಾರಂಗಗಳು ಸಿಡಿಲಿಗೆ ಒಟ್ಟಿಗೇ ಸತ್ತವು. ಪ್ರತಿಯೊಂದರ ತಲೆಯ ಮೇಲೂ ಸಿಡಿಲು ಬೀಳಬೇಕಾಗಿರಲಿಲ್ಲ. ಒದ್ದೆ ನೆಲದಲ್ಲಿ ಹರಡಿದ ವಿದ್ಯುತ್ತು ಅವುಗಳ ಕಾಲುಗಳ ಮೂಲಕ ಹರಿಯಿತು. ಮರದಡಿ ಕಟ್ಟಿದ ದನಗಳು ಸಾಯುವುದೂ ಹೀಗೆಯೇ. ನಮ್ಮ ದೇಶದಲ್ಲಿ ಸಿಡಿಲಿಗೆ ಪ್ರತಿ ವರ್ಷ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಹೊಲಗದ್ದೆಯಲ್ಲಿದ್ದವರು, ಮಳೆ ಬಂತೆಂದು ಮರದ ಕೆಳಗೆ ನಿಂತವರು ಅವರಲ್ಲಿ ಬಹಳ.

ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಸೆಕೆಂಡುಗಳನ್ನು ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರು. 30 ಎಣಿಸುವುದರೊಳಗೆ ಗುಡುಗಿದರೆ ಮೋಡ ಹತ್ತಿರದಲ್ಲೇ ಇದೆ. ಆಟ ನಿಲ್ಲಿಸಿ ಮನೆ, ಶಾಲೆ ಅಥವಾ ಮುಚ್ಚಿದ ಬಸ್ಸಿನೊಳಗೆ ಸೇರಿ. ಕೆರೆಯಲ್ಲಿ, ಹೊಳೆಯಲ್ಲಿ ಇರಬೇಡಿ. ಬಯಲಿನಲ್ಲೇ ಸಿಕ್ಕಿಬಿದ್ದು ಬೇರೆ ದಾರಿಯೇ ಇಲ್ಲದಿದ್ದರೆ ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಿ. ಮಲಗಬೇಡಿ. ಮಲಗಿದರೆ ನೀವೇ ಉದ್ದನೆಯ ದನದಂತಾಗುತ್ತೀರಿ.

ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ತಂತಿ ತಗಲಿ ಬಿದ್ದವರನ್ನು ಲೈನು ಆಫ್ ಆಗುವ ತನಕ ಮುಟ್ಟಬಾರದು. ಸಿಡಿಲು ಬಡಿದವರನ್ನು ಕೂಡಲೇ ಮುಟ್ಟಬಹುದು. ಸಿಡಿಲು ಒಂದು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ, ಮೈಯಲ್ಲಿ ಕರೆಂಟು ಉಳಿಯುವುದಿಲ್ಲ. ಹೆದರಿ ದೂರ ನಿಂತು ಹೊತ್ತು ಕಳೆದರೆ, ಹೃದಯ ಮತ್ತೆ ಬಡಿಯುವಂತೆ ಮಾಡಬಹುದಾಗಿದ್ದವರೂ ಉಳಿಯುವುದಿಲ್ಲ. 108ಕ್ಕೆ ಫೋನ್ ಮಾಡಿಸಿ, ಎದೆಯೊತ್ತುವುದು ತಿಳಿದ ದೊಡ್ಡವರನ್ನು ಕರೆಯಿರಿ.

ಮಾಡಿ ನೋಡಿ: ರಟ್ಟಿನ ದನ

ಶಿಕ್ಷಕರ ಬಳಿ ಮಲ್ಟಿಮೀಟರ್ ಇದ್ದರೆ ವಿಭವದ ಗುಡ್ಡವನ್ನು ನೀವೇ ಅಳೆಯಬಹುದು. ಅಗಲವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಬಾವಿಯ ನೀರು ಒಂದು ಸೆಂಟಿಮೀಟರಿನಷ್ಟು ಇರಲಿ. 9 ವೋಲ್ಟ್‌ನ ಚಿಕ್ಕ ಬ್ಯಾಟರಿಯ ಒಂದು ತುದಿಯನ್ನು ತಟ್ಟೆಯ ನಡುವೆ ನಿಲ್ಲಿಸಿದ ಮೊಳೆಗೆ ಜೋಡಿಸಿ. ಇನ್ನೊಂದು ತುದಿಯನ್ನು ತಟ್ಟೆಯ ಅಂಚಿನುದ್ದಕ್ಕೂ ಸುತ್ತ ಇಟ್ಟ ಬರಿಯ ತಂತಿಗೆ ಜೋಡಿಸಿ. ಬ್ಯಾಟರಿ ಮಾತ್ರ ಬಳಸಿ. ಗೋಡೆಯ ಪ್ಲಗ್ಗಿನ ಕಡೆ ನೋಡಲೂಬೇಡಿ.

ರಟ್ಟಿನಲ್ಲಿ ಒಂದು ದನ ಕತ್ತರಿಸಿ. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಮೂರು ಸೆಂಟಿಮೀಟರು ಅಂತರದಲ್ಲಿ ಅದರ ಮುಂಗಾಲು, ಹಿಂಗಾಲುಗಳಾಗಿ ಅಂಟಿಸಿ. ಮೀಟರನ್ನು ಡಿ.ಸಿ. 20 ವೋಲ್ಟಿಗೆ ತಿರುಗಿಸಿ. ದನ ಮೊಳೆಗೆ ಮುಖ ಮಾಡಿ ನಿಂತಾಗ ಎಷ್ಟು ವೋಲ್ಟ್? ಅದೇ ಜಾಗದಲ್ಲಿ ಅಡ್ಡ ತಿರುಗಿ, ಎರಡೂ ಕಾಲು ಮೊಳೆಯಿಂದ ಸಮದೂರದಲ್ಲಿ ಬರುವಂತೆ ನಿಂತಾಗ ಎಷ್ಟು? ಅಂಚಿಗೆ ಸರಿದಂತೆ ಎಷ್ಟು? ಬಳಿಕ ಕಾಲುಗಳನ್ನು ಒಂದೇ ಸೆಂಟಿಮೀಟರು ಅಂತರಕ್ಕೆ ತಂದು, ದನವನ್ನು ಕೋಳಿಯನ್ನಾಗಿ ಮಾಡಿ ಮತ್ತೊಮ್ಮೆ ಅಳೆಯಿರಿ. ಎಲ್ಲ ಸಂಖ್ಯೆಗಳನ್ನೂ ಪುಸ್ತಕದಲ್ಲಿ ಒಂದರ ಪಕ್ಕ ಒಂದು ಬರೆದಿಡಿ.